ನಿನ್ನೆಯ ನೀರು

ಏಪ್ರಿಲ್ ಅರ್ಧ ದಾಟಿದ ಮೇಲೆ ಟೊಮೆಟೊ ಗಿಡಕ್ಕೆ ಮಾಡುವ ಆರೈಕೆ ನೋಡುವವರ ಕಣ್ಣಿಗೆ ಕ್ರೌರ್ಯದಂತೆ ಕಾಣುತ್ತದೆ. ತುದಿ ಚಿವುಟಬೇಕು. ಹೊಸದಾಗಿ ಬಂದ ಹೂವನ್ನು ಕಿತ್ತೆಸೆಯಬೇಕು. ಈ ಧಗೆಯಲ್ಲಿ ಅವು ಹೇಗೂ ಕಾಯಿ ಕಚ್ಚುವುದಿಲ್ಲ. ಕೆಳಗಿನ ಎಲೆಗಳನ್ನು ಸವರಬೇಕು. ಕೊನೆಗೆ ನೀರನ್ನೂ ಕಡಿಮೆ ಮಾಡಬೇಕು, ಮಧ್ಯಾಹ್ನದ ಹೊತ್ತಿಗೆ ಎಲೆ ಸ್ವಲ್ಪ ಜೋಲುವಷ್ಟು. ಬೆಳೆದದ್ದು ಸಾಕು, ಹಿಡಿದ ಕಾಯಿಗಳನ್ನು ಹಣ್ಣು ಮಾಡಿ ಕೊಡು ಎಂದು ಗಿಡಕ್ಕೆ ತಿಳಿಸಿ ಹೇಳುವ ಬಗೆ ಅದು. ನಾನು ಇದನ್ನೆಲ್ಲ ಮಾಡುತ್ತಿದ್ದೆ. ಯಾಕೆ ಮಾಡುತ್ತಿದ್ದೇನೆ ಎಂದು ಯಾರಿಗೂ ಹೇಳಿರಲಿಲ್ಲ. ಯಾರೂ ಕೇಳಿರಲೂ ಇಲ್ಲ.

ಮುಂಬಯಿಯ ಕಾಂದಿವಲಿಯಲ್ಲಿರುವ ನಮ್ಮ ಬಿಲ್ಡಿಂಗಿಗೆ ಏಳು ಮಾಳಿಗೆ. ಅದರ ಟೆರೇಸಿನ ಮೇಲೆ, ನೀರಿನ ಟಾಕಿಯ ಪಕ್ಕದಲ್ಲಿ, ನನ್ನ ಹಸಿರುಮನೆ. ಹಸಿರುಮನೆ ಎಂದರೆ ದೊಡ್ಡದೇನಲ್ಲ. ಬಾಗಿಸಿದ ಕಬ್ಬಿಣದ ಪೈಪುಗಳು, ಅವುಗಳ ಮೇಲೆ ಹಾಲುಬಿಳುಪಿನ ಪ್ಲಾಸ್ಟಿಕ್ ಹಾಳೆ, ಎರಡೂ ಬದಿಗೆ ಗಾಳಿಯಾಡಲು ಬಲೆ. ಒಳಗೆ ತೆಂಗಿನ ನಾರಿನ ಪುಡಿ ತುಂಬಿದ ಚೀಲಗಳು, ಚೀಲಕ್ಕೊಂದು ಗಿಡ, ಪ್ರತಿಯೊಂದೂ ಮೇಲಿನಿಂದ ಇಳಿಬಿಟ್ಟ ಸುತಳಿಯನ್ನು ಹಿಡಿದು ನನ್ನ ತಲೆಗಿಂತ ಎತ್ತರಕ್ಕೆ ಏರಿತ್ತು. ಹೋದ ವರ್ಷ ಗಣಪತಿ ಹಬ್ಬ ಮುಗಿದ ಮೇಲೆ ಸೊಸೈಟಿಯ ಕಮಿಟಿ ಇದಕ್ಕೆ ಒಪ್ಪಿಗೆ ಕೊಟ್ಟಿತ್ತು. ಪೂರ್ತಿ ಒಪ್ಪಿಗೆ ಅಲ್ಲ. "ಒಂದು ಸೀಸನ್ ನೋಡುವಾ ಆಂಟಿ," ಎಂದಿದ್ದ ಸೆಕ್ರೆಟರಿ ಸುಹಾಸ. "ಕಿಸೀಕೋ ತಕ್ಲೀಫ್ ಆಗ್ಲಿಲ್ಲ ಅಂದ್ರೆ ಪರ್ಮನೆಂಟ್ ಮಾಡುವಾ. ಆಯ್ತು ಅಂದ್ರೆ, ಸಾರಿ, ತೆಗಿಬೇಕು." ಮಳೆಗಾಲಕ್ಕೆ ಮುಂಚೆ ಟೆರೇಸಿಗೆ ವಾಟರ್‌ಪ್ರೂಫಿಂಗ್ ಮಾಡಿಸುವುದಿತ್ತು. ಅದಕ್ಕಾಗಿ ಹೇಗೂ ಬಿಚ್ಚಲೇಬೇಕು. ಬಿಚ್ಚಿದ್ದನ್ನು ಮತ್ತೆ ಕಟ್ಟಬಹುದೋ ಇಲ್ಲವೋ ಎಂಬುದು ಮೇ ತಿಂಗಳ ಮೀಟಿಂಗಿನಲ್ಲಿ ತೀರ್ಮಾನವಾಗಬೇಕಿತ್ತು.

ಇಷ್ಟು ಸಣ್ಣ ವಿಷಯಕ್ಕೆ ನನಗೆ ನಿದ್ದೆ ಬರದಂತಾಗಿತ್ತು ಎಂದು ಹೇಳಲು ಸಂಕೋಚವಾಗುತ್ತದೆ. ಆದರೆ ಮೊಣಕಾಲು ಕೈಕೊಟ್ಟ ಮೇಲೆ ನನಗೆ ಸ್ಟೇಶನ್ನಿನ ಸೇತುವೆ ಹತ್ತಲಾಗುವುದಿಲ್ಲ, ಮಾರ್ಕೆಟ್ಟಿನ ಗದ್ದಲದಲ್ಲಿ ನಿಲ್ಲಲಾಗುವುದಿಲ್ಲ. ಕಲಬುರ್ಗಿಯಲ್ಲಿ ಸಸ್ಯಶಾಸ್ತ್ರ ಓದಿ, ಮದುವೆಯಾಗಿ ಇಲ್ಲಿಗೆ ಬಂದು, ಟೆಲಿಫೋನ್ ಆಫೀಸಿನಲ್ಲಿ ಕೂತು ಬಿಲ್ಲು ನೋಡಿದವಳು ನಾನು. ಓದಿದ್ದು ಕೈಗೆ ಬಂದದ್ದು ಎಪ್ಪತ್ತು ದಾಟಿದ ಮೇಲೆ, ಆ ಟೆರೇಸಿನಲ್ಲಿ. ಲಿಫ್ಟು ಏಳನೆಯ ಮಾಳಿಗೆಯ ತನಕ ಹೋಗುತ್ತದೆ. ಅಲ್ಲಿಂದ ಮೇಲಕ್ಕೆ ಮೆಟ್ಟಿಲ ಕಂಬಿ ಹಿಡಿದು ಹತ್ತಬೇಕು. ನಡುವೆ ನಾನು ಉಸಿರು ತೆಗೆದುಕೊಳ್ಳಲೆಂದು ಏಳನೆಯ ಮಾಳಿಗೆಯ ವಾರಿಜಾ ಮೆಟ್ಟಿಲಿನ ತಿರುವಿನಲ್ಲಿ ಒಂದು ಪ್ಲಾಸ್ಟಿಕ್ ಸ್ಟೂಲು ಇಟ್ಟಿದ್ದಳು. ಇಟ್ಟದ್ದು ತಾನೇ ಎಂದು ಅವಳು ಎಂದೂ ಹೇಳಲಿಲ್ಲ. ಅವಳ ಮನೆಯಲ್ಲಿ ಅದರ ಜೊತೆಯ ಇನ್ನೊಂದು ಸ್ಟೂಲನ್ನು ನೋಡಿ ನಾನೇ ತಿಳಿದುಕೊಂಡೆ.

ಹಾಗಿದ್ದ ವಾರಿಜಾಳ ಅಡುಗೆಮನೆಯ ಚಾವಣಿಯಲ್ಲಿ ತೇವ ಕಾಣಿಸಿಕೊಂಡಿತು.

ಅದಕ್ಕೂ ಸ್ವಲ್ಪ ಮೊದಲೇ ನನ್ನ ಟೊಮೆಟೊಗಳು ಒಡೆಯಲು ಶುರುವಾಗಿದ್ದವು. ತೊಟ್ಟಿನ ಸುತ್ತ ಬಳೆಯ ಆಕಾರದಲ್ಲಿ ಸಿಪ್ಪೆ ಸೀಳುತ್ತಿತ್ತು. ಕೆಲವಕ್ಕೆ ತಳದಲ್ಲಿ ಕಪ್ಪು ಕಲೆ ಬೀಳುತ್ತಿತ್ತು. ಬೇರಿಗೆ ನೀರು ಹೆಚ್ಚಾದರೆ, ಇಲ್ಲವೇ ಒಂದು ದಿನ ಹೆಚ್ಚು ಒಂದು ದಿನ ಕಡಿಮೆ ಆದರೆ ಹೀಗಾಗುತ್ತದೆಂದು ನನಗೆ ಗೊತ್ತಿತ್ತು. ಹಾಗಾಗಿ ನೀರನ್ನು ಇನ್ನೂ ಇಳಿಸಿದೆ. ದಿನ ಬಿಟ್ಟು ದಿನ, ಗಿಡಕ್ಕೊಂದು ತಂಬಿಗೆ. ಅಷ್ಟು ಮಾಡಿದ ಮೇಲೆ ಮೊದಲಿಗಿಂತ ಹೆಚ್ಚು ಒಡೆದವು. ನಾನು ನೀರು ಕಡಿಮೆ ಮಾಡಿದಷ್ಟೂ ಅವು ಹೆಚ್ಚು ಕುಡಿದವರ ಹಾಗೆ ಉಬ್ಬಿ ಸೀಳುತ್ತಿದ್ದವು. ಚೀಲದ ತಳದ ತೂತುಗಳು ಕಟ್ಟಿಕೊಂಡಿವೆಯೇನೋ ಎಂದು ಕಡ್ಡಿ ಹಾಕಿ ಬಿಡಿಸಿದೆ. ಎಲೆ ಸವರಿದ್ದು ಹೆಚ್ಚಾಯಿತೇನೋ, ಗಿಡ ನೀರು ಎಳೆಯುತ್ತಿಲ್ಲವೇನೋ ಎಂದುಕೊಂಡೆ. ಸುಣ್ಣದ ತಿಳಿ ಹಾಕಿದೆ. ಯಾವುದೂ ನಾಟಲಿಲ್ಲ.

"ಏನ ಇಂದ್ರಾ, ನಿನ್ನ ಪ್ಲಾಸ್ಟಿಕ್ ಗುಡಿ ದೇವ್ರು ಇವತ್ತೇನ್ ಅಂದ?" ಎಂದು ನನ್ನ ಯಜಮಾನರು ಬಸವಂತರಾಯರು ದಿನವೂ ಕೇಳುತ್ತಿದ್ದರು.

"ಮತ್ತ ಒಡದಾವ್ರಿ."

"ಸಾರಿಗಿ ಹಾಕು. ಸಾರಿನಾಗ ಬಿದ್ದ್ ಮ್ಯಾಲ ಯಾವ ಟಮಾಟಿ ಮಾರಿ ಯಾರ್ ನೋಡ್ತಾರ?"

"ನಿಮ್ಮ ಸುಣ್ಣದ ಡಬ್ಬಿ ಕೊಡ್ರಿ ಇತ್ತ."

"ನನ್ನ ಎಲಿಗಿ ಹಚ್ಚೋ ಸುಣ್ಣ ಗಿಡಕ್ಕ ತಿನಸ್ಲತ್ತಿ. ನಾಳಿ ಅಡಿಕಿನೂ ಬೇಡ್ತಾವ ನೋಡು."

ಹೀಗೆ ನಕ್ಕರೂ ಅವರು ಒಡೆದ ಹಣ್ಣುಗಳನ್ನೇ ಆರಿಸಿ ಬೇರೆ ಇಟ್ಟು, ಸೀಳಿದ ಭಾಗವನ್ನು ಕೊಯ್ದು, ಉಳಿದದ್ದನ್ನು ಉಪ್ಪು ಹಚ್ಚಿ ತಿನ್ನುತ್ತಿದ್ದರು. ಚೆನ್ನಾಗಿರುವುದನ್ನು ಮುಟ್ಟುತ್ತಿರಲಿಲ್ಲ. ಮೀಟಿಂಗಿನ ದಿನ ಎಲ್ಲರಿಗೂ ತೋರಿಸಲು ಒಂದು ಬುಟ್ಟಿಯಷ್ಟಾದರೂ ಒಳ್ಳೆಯ ಹಣ್ಣು ನನಗೆ ಬೇಕು ಎಂಬುದು ಅವರಿಗೆ ಗೊತ್ತಿತ್ತು.

ತೇವದ ಸುದ್ದಿ ತಿಳಿದು ನಾನು ವಾರಿಜಾಳ ಮನೆಗೆ ಹೋದೆ. ಗ್ಯಾಸಿನ ಒಲೆಯ ಮೇಲ್ಭಾಗಕ್ಕೆ ಸರಿಯಾಗಿ ಚಾವಣಿಯ ಬಣ್ಣ ಉಬ್ಬಿ, ಚಹಾ ಚೆಲ್ಲಿದಂಥ ಕಲೆ ಹರಡಿತ್ತು. ನಡುವೆ ಒಂದು ಹನಿ ಬೀಳಲೋ ಬೇಡವೋ ಎಂದು ತೂಗುತ್ತಿತ್ತು.

"ಇವರು ಬರೆದು ಕೊಟ್ಟಿದ್ದಾರೆ ಇಂದ್ರಕ್ಕ, ಸೊಸೈಟಿಗೆ," ಎಂದಳು ವಾರಿಜಾ. ಇವರು ಎಂದರೆ ಅವಳ ಗಂಡ ಶೇಖರ. ಕುರ್ಲಾ ಸ್ಟೇಶನ್ನಿನ ಹತ್ತಿರ ಅವರ ಹೋಟೆಲು. ಬೆಳಗಿನ ಜಾವ ಹೋದರೆ ಬರುವುದು ರಾತ್ರಿಯೇ. ಇದ್ದಷ್ಟು ಹೊತ್ತು ಮಾತ್ರ ಅವರ ದನಿ ಕೆಳಗಿನ ಗೇಟಿಗೂ ಕೇಳಿಸುತ್ತದೆ. "ನಾನು ಬೇಡ ಅಂತ ಹೇಳಿದೆ. ಕೇಳ್ಬೇಕಲ್ಲ. ನಾಳೆ ಸ್ಲ್ಯಾಬ್ ತಲೆ ಮೇಲೆ ಬಿದ್ರೆ ನಿನ್ನ ಇಂದ್ರಕ್ಕ ಬರ್ತಾರಾ ಹಿಡೀಲಿಕ್ಕೆ ಅಂತ ಕೇಳ್ತಾರೆ."

"ನನ್ನ ಗಿಡದ್ದಲ್ಲ ಇದು, ವಾರಿಜಾ."

"ಮೇಲೆ ಸರಿಯಾಗಿ ನಿಮ್ಮ ಗಿಡದ ಮನೆಯೇ ಉಂಟಲ್ಲ."

"ಇರ್ಲಿ. ಆದ್ರ ನಾ ನೀರೇ ಹಾಕ್ಲತ್ತಿಲ್ಲ. ದಿನ ಬಿಟ್ಟ್ ದಿನ ಒಂದ್ ತಂಬಗಿ. ಆ ತಂಬಗಿ ನೀರು ಚೀಲ ದಾಟಿ, ಫರ್ಸಿ ದಾಟಿ, ನಿನ್ನ ಒಲಿ ಮ್ಯಾಲ ಬರ್ತದಂದ್ರ ನಂಬ್ತಿ ನೀ?"

ಅವಳು ಚಹಾದ ಪಾತ್ರೆ ಒಲೆಗಿಟ್ಟಳು. ಮುಖ ಸಣ್ಣದಾಯಿತು. ನಾನು ಅದನ್ನು ಸಿಟ್ಟು ಎಂದುಕೊಂಡೆ. ಚಹಾ ಕೊಟ್ಟಳು, ಸಕ್ಕರೆ ಹಾಕದೆ, ನನಗೆ ಬೇಕಾದ ಹಾಗೆಯೇ. ನಾನು ಅರ್ಧ ಕುಡಿದು ಎದ್ದು ಬಂದೆ. ಮೂವತ್ತು ವರ್ಷದ ಒಡನಾಟದಲ್ಲಿ ಅವಳ ಮನೆಯ ಚಹಾ ಉಳಿಸಿದ್ದು ಅದೇ ಮೊದಲು.

ಸುಹಾಸನ ಬೆನ್ನು ಹತ್ತಿದೆ. ಅವನು ನಾಲ್ಕನೆಯ ಮಾಳಿಗೆಯವನು. ಪವಾಯಿಯ ಆಫೀಸಿಗೆ ಹೋಗಿಬರುವ ಹುಡುಗ. ಇಷ್ಟವಿಲ್ಲದಿದ್ದರೂ ಬೇರೆ ಯಾರೂ ಸಿಗದೆ ಸೆಕ್ರೆಟರಿ ಆದವನು. ಟಾಕಿ ಸೋರುತ್ತಿರಬೇಕು, ಪೈಪು ಒಡೆದಿರಬೇಕು, ನೋಡಿಸು ಎಂದೆ. ಪಾಪ, ರಜೆಯ ದಿನ ಪ್ಲಂಬರನನ್ನು ಕರೆಸಿದ. ತಾನೂ ಪ್ಯಾಂಟು ಮಡಚಿ ಟಾಕಿಯ ಅಡಿಗೆ ತೂರಿ, ಬೆನ್ನಿಗೆ ಜೇಡರ ಬಲೆ ಮೆತ್ತಿಕೊಂಡು ಹೊರಬಂದ.

"ಆಂಟಿ, ಟಾಕಿ ಸೂಖಾ ಉಂಟು. ಪೈಪ್ ಭೀ ಓಕೆ."

"ಮತ್ತ ನೀರೆಲ್ಲಿಂದ ಬರ್ತದಪ್ಪ?"

ಅವನು ಹಸಿರುಮನೆಯ ಕಡೆ ನೋಡಿದ. ನೋಡಿದ್ದಕ್ಕೆ ತಾನೇ ನಾಚಿಕೊಂಡವನಂತೆ ಮೊಬೈಲು ತೆಗೆದ. "ನಾನು ಏನೂ ಹೇಳ್ತಿಲ್ಲ ಆಂಟಿ. ಲೇಕಿನ್ ಸಂಡೇ ಮೀಟಿಂಗ್‌ನಲ್ಲಿ ಶೇಖರ್ ಅಂಕಲ್ ಕೇಳಿದ್ರೆ ನಾನು ಕ್ಯಾ ಬೋಲೂಂ? ನೀವು ಏನಾದ್ರೂ ಪ್ರೂಫ್ ಕೊಡಿ."

ಪುರಾವೆ ಕೊಡಲೆಂದೇ ನಾನು ನೀರು ಹಾಕುವುದನ್ನು ಪೂರ್ತಿ ನಿಲ್ಲಿಸಿದೆ. ಗಿಡ ಸತ್ತರೂ ಸರಿ, ಚಾವಣಿ ಒಣಗದಿದ್ದರೆ ನೀರು ನನ್ನದಲ್ಲ ಎಂದಾಗುತ್ತದಲ್ಲ. ಒಂದೆರಡು ದಿನ ಬಿಟ್ಟು, ಮೊಣಕಾಲಿನ ವ್ಯಾಯಾಮ ಮುಗಿಸಿ, ಎಂದಿನಂತೆ ಹತ್ತು ಗಂಟೆಯ ಮೇಲೆ ಹತ್ತಿ ಹೋದೆ. ಟಾಕಿಯ ಬದಿಯ ಚೀಲವೊಂದನ್ನು ವಾಲಿಸಿ ನೋಡಿದೆ. ವಾಲಲಿಲ್ಲ. ಕಲ್ಲಿನಂತೆ ಭಾರವಾಗಿತ್ತು. ನಾರಿನ ಪುಡಿಯನ್ನು ಹಿಡಿಯಲ್ಲಿ ಹಿಂಡಿದರೆ ಬೆರಳ ಸಂದಿಯಿಂದ ನೀರು ಇಳಿಯಿತು.

ಆ ಕ್ಷಣ ನನಗೆ ಅಳು ಬಂತು ಎಂದರೆ ಸುಳ್ಳಲ್ಲ. ಓದು, ಅನುಭವ, ಕಣ್ಣು, ಕೈ ಎಲ್ಲವೂ ಒಂದನ್ನು ಹೇಳುತ್ತಿರುವಾಗ ಚೀಲ ಇನ್ನೊಂದನ್ನು ಹೇಳುತ್ತಿತ್ತು. ಯಾರೋ ಬೇಕೆಂದೇ ಮಾಡುತ್ತಿದ್ದಾರೆ ಎಂದೂ ಅನ್ನಿಸಿತು. ನನ್ನ ಹಸಿರುಮನೆ ಯಾರಿಗೆ ಬೇಡ? ಶೇಖರರ ಹೆಸರು ಮನಸ್ಸಿಗೆ ಬಂತು. ಬಂದದ್ದಕ್ಕೆ ಅಸಹ್ಯವಾಯಿತು, ಆದರೆ ಬಂದದ್ದು ಹೋಗಲಿಲ್ಲ.

ಮರುದಿನ ವ್ಯಾಯಾಮ ಬಿಟ್ಟು, ಬೆಳಕು ಹರಿಯುವ ಹೊತ್ತಿಗೇ ಲಿಫ್ಟು ಹತ್ತಿದೆ.

ಟೆರೇಸಿನಲ್ಲಿ ಅಷ್ಟು ಜನ ಇರುತ್ತಾರೆಂದು ನನಗೆ ಗೊತ್ತೇ ಇರಲಿಲ್ಲ. ಮುಂಜಾನೆಯ ವಾಕಿಂಗಿನವರು. ಐದನೆಯ ಮಾಳಿಗೆಯ ಗುಜರಾತಿ ದಂಪತಿ, ಇನ್ನೊಂದು ವಿಂಗಿನ ಮರಾಠಿ ಟೀಚರು, ಮೂರನೆಯ ಮಾಳಿಗೆಯ ಶಾಂತಪ್ಪ. ಶಾಂತಪ್ಪ ನಮ್ಮ ಕಡೆಯವರೇ, ಬೀದರಿನವರು, ಫ್ಯಾಕ್ಟರಿಯಿಂದ ನಿವೃತ್ತರಾದ ಮೇಲೆ ಬನಿಯನ್ನು ಬಿಟ್ಟು ಅಂಗಿ ಹಾಕಿದ್ದನ್ನು ನಾನು ನೋಡಿಲ್ಲ. ಅವರು ನನ್ನ ಹಸಿರುಮನೆಯ ಬಲೆ ಸರಿಸಿ ಒಳಗೆ ನಿಂತಿದ್ದರು. ಕೈಯಲ್ಲಿ ಬಕೇಟು. ಮಗುವಿಗೆ ಎರೆಯುವವರ ಹಾಗೆ, ಇನ್ನೊಂದು ಕೈಯನ್ನು ಅಡ್ಡ ಹಿಡಿದು, ಗಿಡದ ಬುಡಕ್ಕೆ ನಿಧಾನವಾಗಿ ನೀರು ಬಿಡುತ್ತಿದ್ದರು.

"ಏನ್ರಿ ಇಂದ್ರಾಬಾಯಾರ, ಇಷ್ಟ್ ಲಗೂ?" ಎಂದರು, ಮುಚ್ಚುಮರೆಯಿಲ್ಲದೆ.

"ಏನ್ ಮಾಡ್ಲತ್ತೀರಿ ಶಾಂತಪ್ಪನೋರೆ?"

"ನೀರ್ ಹಾಕ್ಲತ್ತೀನ್ರಿ. ನಿನ್ನಿ ತುಂಬಿಟ್ಟಿದ್ದು. ನೀರ್ ಕಟ್ ಅದಂತ ನಮ್ಮಾಕಿ ಬಕೇಟು, ಕೊಡ, ಕುಕ್ಕರಿನ ತನಕ ತುಂಬಿಡ್ತಾಳ. ಮುಂಜಾನಿ ನೋಡಿದ್ರ ನಳ ಬಂದೇ ಬರ್ತದ. ಹೊಸಾ ನೀರ್ ತುಂಬ್ಬೇಕಂದ್ರ ಹಳೇದು ಖಾಲಿ ಮಾಡ್ಬೇಕಲ್ಲ. ಇಂಥಾ ದಿನದಾಗ ಮೋರಿಗಿ ಚೆಲ್ಲಲಿಕ್ಕ ಮನಸ್ ಬರಂಗಿಲ್ಲ ನೋಡ್ರಿ."

"ಯಾವಾಗಿಂದ ಹಾಕ್ಲತ್ತೀರಿ?"

"ಕಟ್ ಸುರು ಆದಾಗಿಂದ. ನಾ ಒಬ್ಬನೇ ಅಲ್ರಿ." ಅವರು ಗಲ್ಲವೆತ್ತಿ ತೋರಿಸಿದರು. ಗುಜರಾತಿ ದಂಪತಿಯ ಕೈಯಲ್ಲಿ ಎರಡೆರಡು ದೊಡ್ಡ ಬಾಟಲಿ. ಟೀಚರ ಕೈಯಲ್ಲಿ ಸ್ಟೀಲಿನ ಡಬ್ಬ. ನಡೆಯುತ್ತ ನಡೆಯುತ್ತ ಬಂದು, ತಮಗೆ ಸಮೀಪವಾದ ಗಿಡಕ್ಕೆ ಸುರಿದು, ಮತ್ತೆ ನಡೆಯುತ್ತಿದ್ದರು. ಒಬ್ಬರು ಹಾಕಿದ್ದನ್ನು ಇನ್ನೊಬ್ಬರು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ.

ಮುಂಬಯಿಯವರಿಗೆ ಇದನ್ನು ವಿವರಿಸಬೇಕಿಲ್ಲ. ಇಲ್ಲಿ ಕುಡಿಯುವ ನೀರು ದಿನಾ ಹೊಸದಾಗಿ ತುಂಬಬೇಕು, ನಿನ್ನೆಯದು ಹಳಸು. ಪಾಲಿಕೆಯವರು ಕಡಿತ ಎಂದರೆ ಸಾಕು, ನಾಳೆ ಬರುತ್ತದೋ ಇಲ್ಲವೋ ಎಂಬ ಹೆದರಿಕೆಗೆ ಒಬ್ಬೊಬ್ಬರೂ ಎರಡು ಪಟ್ಟು ತುಂಬಿಡುತ್ತಾರೆ. ನಾಳೆ ನೀರು ಬಂದೇ ಬರುತ್ತದೆ, ಸ್ವಲ್ಪ ಸಣ್ಣಗೆ. ಆಗ ತುಂಬಿಟ್ಟದ್ದನ್ನು ಏನು ಮಾಡುವುದು? ಊರಿಗೆ ನೀರು ಕಡಿಮೆಯಾದಷ್ಟೂ ನನ್ನ ಗಿಡಗಳಿಗೆ ಹೆಚ್ಚಾಗುತ್ತಿತ್ತು. ನಮ್ಮ ಮನೆಯ ಹಳೆ ನೀರನ್ನು ನಾನೇ ತುಳಸಿಗೆ ಹಾಕುತ್ತಿದ್ದೆನಲ್ಲ, ಉಳಿದವರು ಏನು ಮಾಡುತ್ತಾರೆಂದು ಒಮ್ಮೆಯೂ ಯೋಚಿಸಿರಲಿಲ್ಲ.

ಬೈಯಬೇಕೆಂದು ಬಾಯಿ ತೆರೆದೆ. ಶಾಂತಪ್ಪ ಬಕೇಟಿನ ತಳದ ಕೊನೆಯ ಹನಿಗಳನ್ನೂ ಅಲ್ಲಾಡಿಸಿ ಗಿಡಕ್ಕೆ ಹಾಕುತ್ತಿದ್ದರು. ಏನೆಂದು ಬೈಯುವುದು?

ಅಷ್ಟರಲ್ಲಿ ಮೆಟ್ಟಿಲ ಕಡೆಯಿಂದ ವಾರಿಜಾ ಬಂದಳು. ಸೊಂಟದಲ್ಲಿ ಒಂದು ತಾಮ್ರದ ಕೊಡಪಾನ, ಇನ್ನೊಂದು ಕೈಯಲ್ಲಿ ಮತ್ತೊಂದು.

"ಇಂದ್ರಕ್ಕ, ಆ ಕಾಲಿನಲ್ಲಿ ಇಷ್ಟು ಬೇಗ ಎಂತಕ್ಕೆ ಹತ್ತಿದ್ದು?" ಎಂದವಳು, ನಾನು ಕೊಡಪಾನಗಳನ್ನು ನೋಡುತ್ತಿರುವುದನ್ನು ಕಂಡು ನಿಂತಳು.

"ನೀನೂನಾ, ವಾರಿಜಾ?"

"ನಿಮಗೆ ಹತ್ತಲಿಕ್ಕೆ ಕಷ್ಟ ಅಂತ ನೀವು ದಿನ ಬಿಟ್ಟು ದಿನ ನೀರು ಹಾಕುದು ಅಂತ ನಾನು ಎಣಿಸಿದ್ದು. ಮಧ್ಯಾಹ್ನ ಬಟ್ಟೆ ತೆಗೀಲಿಕ್ಕೆ ಬಂದಾಗ ನೋಡಿದ್ರೆ ಪಾಪ, ಕಿವಿ ಬಿದ್ದ ನಾಯಿಮರಿ ಹಾಗೆ ಜೋತುಕೊಂಡಿರ್ತಾವೆ. ನಿಮ್ಮ ಹತ್ರ ಹೇಳಿದ್ರೆ ನಿಮಗೆ ಬೇಜಾರಾಗ್ತದೆ, ಕಾಲಿನ ವಿಷಯ ಎತ್ತಿದ ಹಾಗೆ ಆಗ್ತದೆ ಅಂತ ಸುಮ್ಮನೆ ಹಾಕ್ತಾ ಇದ್ದೆ."

"ಅವು ಜೋಲಬೇಕು. ನಾನೇ ಬೇಕಂತ ಜೋಲ್ಸೀನಿ. ಕಡೀ ಕಾಲಕ್ಕ ನೀರ್ ಕಡಿಮಿ ಮಾಡಿದ್ರೇ ಹಣ್ಣಾಗ್ತಾವ, ಇಲ್ಲಾಂದ್ರ ಒಡೀತಾವ. ನೋಡಿಲ್ಲಿ."

ಒಡೆದ ಹಣ್ಣೊಂದನ್ನು ಎತ್ತಿ ತೋರಿಸಿದೆ. ಅವಳು ಅದನ್ನು ನೋಡಿದಳು. ಆಮೇಲೆ ಚೀಲದ ಅಡಿಯಿಂದ ಸಣ್ಣಗೆ ಹರಿದು, ಪೈಪು ಊರಿದ ಕಡೆಯ ಬಿರುಕಿನೊಳಗೆ ಇಳಿಯುತ್ತಿದ್ದ ನೀರನ್ನು ನೋಡಿದಳು.

"ಹಾಗಾದ್ರೆ ನನ್ನ ಅಡುಗೆಕೋಣೆ ಮೇಲೆ ನಾನೇ ನೀರು ಹೊಯ್ಯುತ್ತಾ ಇದ್ದದ್ದಾ?" ಎಂದಳು. ಕೊಡಪಾನ ಇಳಿಸಿದಳು. "ಇವರು ಬರೆದು ಕೊಟ್ಟ ಮೇಲೆ ನಾನು ಒಂದರ ಬದಲು ಎರಡು ತರ್ತಾ ಇದ್ದೆ, ಇಂದ್ರಕ್ಕ. ಗಿಡ ತೆಗೆಸ್ತಾರೋ ಏನೋ, ಇರುವಷ್ಟು ದಿನವಾದ್ರೂ ಹೊಟ್ಟೆ ತುಂಬ ಕುಡೀಲಿ ಅಂತ."

ಶಾಂತಪ್ಪ ನಗಲು ಶುರುಮಾಡಿ, ನಮ್ಮಿಬ್ಬರ ಮುಖ ನೋಡಿ ಕೆಮ್ಮಿ ನಿಲ್ಲಿಸಿದರು. ವಾರಿಜಾ ತುಂಬಿದ ಕೊಡಪಾನಗಳನ್ನು ಎತ್ತಿಕೊಂಡು ಇಳಿದುಹೋದಳು.

ಮನೆಗೆ ಬಂದು ಬಸವಂತರಾಯರಿಗೆ ಹೇಳಿದೆ. ಅವರು ಹೊಟ್ಟೆ ಹಿಡಿದು ನಕ್ಕರು. ನಕ್ಕು ಮುಗಿದ ಮೇಲೆ, "ಇನ್ನೇನ್ ಬೇಕ ನಿನಗ? ಗೆದ್ದಿ. ಮೀಟಿಂಗ್‌ನಾಗ ಇಷ್ಟೇ ಹೇಳು. ನೀರು ಗಿಡದ್ದಲ್ಲ, ಮಂದೀದು. ಮಂದಿ ನಿಂತ್ರ ನೀರೂ ನಿಂತೀತು," ಎಂದರು.

ಹೌದು, ಅಷ್ಟು ಹೇಳಿದರೆ ನನ್ನ ಹಸಿರುಮನೆ ಉಳಿಯುತ್ತಿತ್ತು. ಆದರೆ ಮಂದಿ ಅಂದರೆ ಯಾರು ಎಂದು ಕೇಳದೆ ಬಿಡುತ್ತಾರೆಯೇ? ಸೊಸೈಟಿಗೆ ಬರೆದುಕೊಟ್ಟು ಇಡೀ ಬಿಲ್ಡಿಂಗಿನಲ್ಲಿ ಗದ್ದಲ ಎಬ್ಬಿಸಿದವರ ಮನೆಯಾಕೆಯೇ ದಿನಕ್ಕೆರಡು ಕೊಡಪಾನ ಸುರಿಯುತ್ತಿದ್ದಳು ಎಂದರೆ ಜನ ವರ್ಷಗಟ್ಟಲೆ ಅದನ್ನೇ ಹೇಳಿ ನಗುತ್ತಾರೆ. ಶೇಖರರು ಕೆಟ್ಟವರಲ್ಲ. ಆದರೆ ನಾಲ್ಕು ಜನರ ಮುಂದೆ ನಗೆಗೀಡಾದ ಗಂಡಸು ಮನೆಗೆ ಹೋಗಿ ಯಾರ ಮೇಲೆ ಕೂಗಾಡುತ್ತಾನೆಂದು ಹೆಂಗಸರಿಗೆ ಹೇಳಿಕೊಡಬೇಕಿಲ್ಲ. ಎರಡು ಸಲ ವಾರಿಜಾಳ ಮನೆಯ ಬೆಲ್ಲು ಒತ್ತಿದೆ. ಬಾಗಿಲು ತೆರೆಯಲಿಲ್ಲ. ಒಳಗೆ ಶೇಖರರ ದನಿ ಕೇಳುತ್ತಿತ್ತು. ನಾನು ಹೆದರಿದ್ದೇ ನಿಜವಾಯಿತು ಎಂದುಕೊಂಡು ಹಿಂತಿರುಗಿದೆ.

ಭಾನುವಾರ ಪಾರ್ಕಿಂಗಿನಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿದ್ದರು. ಫ್ಯಾನಿನ ಗಾಳಿ ಬರುವ ಕಡೆ ಯಾರೋ ನನಗೆ ಕುರ್ಚಿ ಬಿಟ್ಟುಕೊಟ್ಟರು. ನನ್ನ ತೊಡೆಯ ಮೇಲಿನ ಬುಟ್ಟಿಯಲ್ಲಿ ಒಡೆಯದೆ ಉಳಿದ ಹಣ್ಣುಗಳಿದ್ದವು, ಬುಟ್ಟಿಯ ತಳ ಮುಚ್ಚುವಷ್ಟು. ಲಿಫ್ಟಿನ ರಿಪೇರಿ, ಪಾರ್ಕಿಂಗಿನ ಜಗಳ ಮುಗಿದು ಸುಹಾಸ ನನ್ನ ವಿಷಯಕ್ಕೆ ಬಂದ.

"ಟೆರೇಸ್ ಗ್ರೀನ್‌ಹೌಸ್. ಸೆವೆಂತ್ ಫ್ಲೋರ್‌ನಿಂದ ಲೀಕೇಜ್ ಕಂಪ್ಲೇಂಟ್ ಉಂಟು. ಶೇಖರ್ ಅಂಕಲ್, ಕುಛ್ ಬೋಲ್ನಾ ಹೈ?"

 ಶೇಖರರು ಕಾಲ ಮೇಲೆ ಕಾಲು ಹಾಕಿ ಕೂತು ತಮ್ಮ ಚಪ್ಪಲಿ ನೋಡಿಕೊಳ್ಳುತ್ತಿದ್ದರು. ಅವರ ಪಕ್ಕದಲ್ಲಿ ವಾರಿಜಾ ಸೆರಗು ಎಳೆದುಕೊಂಡು ಎದ್ದು ನಿಂತಳು. ಮುಖ ಬಿಳಿಚಿತ್ತು. ಹಿಂದಿನ ಸಾಲಿನಿಂದ ಶಾಂತಪ್ಪನೂ ಗಂಟಲು ಸರಿಮಾಡಿಕೊಳ್ಳುವುದು ಕೇಳಿಸಿತು. ಈ ಮನುಷ್ಯ ಈಗ ಕೊಡಪಾನದ ಕತೆ ತೆಗೆಯುತ್ತಾನೆ, ಇವಳ ಮಾನ ಹೋಗುತ್ತದೆ ಎಂದುಕೊಂಡೆ. ಮೊಣಕಾಲಿನ ನೋವೂ ತಿಳಿಯದಂತೆ ಎದ್ದುಬಿಟ್ಟೆ.

"ನೀರು ಹಸಿರುಮನೆಯದೇ," ಎಂದೆ, ಎಲ್ಲರಿಗೂ ಕೇಳುವಷ್ಟು ಗಟ್ಟಿಯಾಗಿ. "ಮೊದಲು ಅಲ್ಲ ಅಂದಿದ್ದೆ. ನಾನು ನೋಡಿದ್ದು ತಪ್ಪು. ಗಿಡಕ್ಕ ನೀರು ಹೆಚ್ಚಾಗಿ ಕೆಳಗ ಇಳಿದದ. ಹೊಣೆ ನಂದು."

"ಆಂಟಿ, ನೀವು ನೀರೇ ಹಾಕ್ತಿಲ್ಲ ಅಂದಿದ್ರಿ," ಎಂದ ಸುಹಾಸ ಗೊಂದಲದಿಂದ.

"ವಯಸ್ಸಾಗೇದಪ್ಪ. ಹಾಕಿದ್ದು ನೆನಪಿರಂಗಿಲ್ಲ."

ಬಸವಂತರಾಯರು ನನ್ನ ಕಡೆ ತಿರುಗಿ ನೋಡಿದ ನೋಟವನ್ನು ನಾನು ಈಗಲೂ ಬಣ್ಣಿಸಲಾರೆ. ವಾರಿಜಾ ನಿಂತವಳು ನಿಂತೇ ಇದ್ದಳು. ಶೇಖರರು ಏನೋ ಪಿಸುಗುಟ್ಟಿದರು, ಕೂತಳು. ಶಾಂತಪ್ಪನೂ ಕೂತರು. ಸುಹಾಸ ಕೈ ಎತ್ತಲು ಹೇಳಿದ. ತಪ್ಪನ್ನು ಒಪ್ಪಿಕೊಂಡವಳ ಪರವಾಗಿ ಕೈ ಎತ್ತಲು ಯಾರಿಗೆ ತಾನೇ ಮನಸ್ಸು ಬರುತ್ತದೆ? ಹಸಿರುಮನೆಯನ್ನು ತೆಗೆದ ಮೇಲೆ ಮತ್ತೆ ಕಟ್ಟಬಾರದೆಂದು ಠರಾವಾಯಿತು. ಮುಗಿದ ಮೇಲೆ ಎಲ್ಲರೂ ನನ್ನ ಬುಟ್ಟಿಯಿಂದ ಒಂದೊಂದು ಹಣ್ಣು ತೆಗೆದುಕೊಂಡು, ಬಹಳ ಚೆನ್ನಾಗಿವೆ ಆಂಟಿ ಎಂದು ಹೇಳಿ ಹೋದರು. ಹೊಗಳಿಕೆ ಅಷ್ಟು ಕಹಿಯಾಗಿರುತ್ತದೆಂದು ಗೊತ್ತಿರಲಿಲ್ಲ.

ವಾಟರ್‌ಪ್ರೂಫಿಂಗಿನವರು ಬಂದ ದಿನ ಬೆಳಿಗ್ಗೆ ನಾನು ಕಾಯಿ ಕೀಳಲು ಹೋದೆ. ಕೆಲಸದವರು ಮೇಲಿನ ಹಾಳೆಯನ್ನು ಆಗಲೇ ಸುತ್ತಿ ಇಟ್ಟಿದ್ದರು. ಬರೀ ಪೈಪುಗಳ ನಡುವೆ, ಸುತಳಿ ಹಿಡಿದು, ಗಿಡಗಳು ಬಿಸಿಲಿಗೆ ನಿಂತಿದ್ದವು. ಕಾಯಿ ಇನ್ನೂ ಬಹಳ ಇದ್ದವು. ವಾರಿಜಾ ನನಗಿಂತ ಮೊದಲೇ ಅಲ್ಲಿದ್ದಳು, ಒಂದು ಚೀಲ ಹಿಡಿದುಕೊಂಡು. ನನ್ನನ್ನು ಕಂಡವಳೇ ಶುರುಮಾಡಿದಳು.

"ನಿಮಗೆ ಯಾರು ಹೇಳಿದ್ದು ಎದ್ದು ನಿಲ್ಲಲಿಕ್ಕೆ?"

"ವಾರಿಜಾ, ನಾ ನಿನ್ನ ಸಲುವಾಗಿ..."

"ನನ್ನ ಸಲುವಾಗಿ ಎಂತದು? ನಾನು ಇವರ ಹತ್ರ ಶನಿವಾರವೇ ಹೇಳಿ ಆಗಿತ್ತು. ಬೈದ್ರು, ಕೂಗಿದ್ರು, ಆಮೇಲೆ ಅವರೇ ನಗಾಡಿದ್ರು. ಕಂಪ್ಲೇಂಟ್ ವಾಪಸ್ ತೆಗೀತೇನೆ ಅಂದ್ರು. ಶಾಂತಪ್ಪಣ್ಣನ ಹತ್ರ, ಟೀಚರ್ ಹತ್ರ, ಎಲ್ಲರ ಹತ್ರ ನಾನು ಮನೆಮನೆಗೆ ಹೋಗಿ ಮಾತಾಡಿ ಬಂದಿದ್ದೆ. ನೀರು ನಮ್ಮದು, ಇನ್ನು ಹಾಕುದಿಲ್ಲ ಅಂತ ಒಟ್ಟಿಗೆ ಹೇಳುವಾ ಅಂತ. ಅದನ್ನೇ ಹೇಳ್ಲಿಕ್ಕೆ ನಾನು ಎದ್ದದ್ದು ಮಾರಾಯ್ರೇ."

ನಾನು ಪೈಪು ಹಿಡಿದುಕೊಂಡೆ.

"ಮತ್ತ ಹೇಳ್ಬೇಕಿತ್ತಲ್ಲ ನೀ."

"ಹೇಗೆ ಹೇಳುದು? ಅಷ್ಟು ದೊಡ್ಡದಾಗಿ ಹೊಣೆ ನಂದು, ವಯಸ್ಸಾಗಿದೆ, ಮರೆವು ಅಂತ ಎಲ್ಲ ಹೇಳಿಬಿಟ್ರಿ. ಅದರ ಮೇಲೆ ನಾನು ಎದ್ದು ಇಂದ್ರಕ್ಕ ಹೇಳಿದ್ದು ಸುಳ್ಳು ಅಂತ ಹೇಳುದಾ, ಅಷ್ಟು ಜನರ ಎದುರು? ಇವರೂ ಹೇಳಿದ್ರು, ಸುಮ್ಮನೆ ಕೂತ್ಕೋ, ಅವರ ಮರ್ಯಾದೆ ಹೋಗ್ತದೆ ಅಂತ."

"ನಾ ಬೆಲ್ಲು ಹೊಡದಾಗ ಬಾಗಿಲು ಯಾಕ ತೆಗೀಲಿಲ್ಲ?"

"ಮನೆಯಲ್ಲಿ ಅಂಥಾ ಗಲಾಟೆ ಆಗುವಾಗ ನಿಮ್ಮನ್ನು ಒಳಗೆ ಕರೆದು ಬೈಗುಳ ಕೇಳಿಸ್ಲಿಕ್ಕಾ?"

ಅವಳು ಸುಹಾಸನಿಗೂ ಫೋನು ಮಾಡಿದ್ದಳಂತೆ. ಠರಾವು ಆಗಿಹೋಗಿದೆ, ಗ್ರೂಪಿನಲ್ಲಿ ಹಾಕಿಯೂ ಆಗಿದೆ, ಮುಂದಿನ ವರ್ಷ ಹೊಸದಾಗಿ ಅರ್ಜಿ ಕೊಡಿ, ನಾನು ಸೆಕ್ರೆಟರಿ ಇದ್ದರೆ ನೋಡೋಣ ಎಂದನಂತೆ. ಪೈಪುಗಳನ್ನು ಮಾತ್ರ ಗುಜರಿಯವನಿಗೆ ಕೊಡಬೇಡಿ ಎಂದು ವಾಚ್‌ಮನ್ನಿಗೆ ಹೇಳಿ, ಮೀಟರ್ ರೂಮಿನ ಹಿಂದೆ ಜಾಗ ಮಾಡಿಸಿದ್ದ. ಅದನ್ನೂ ಅವನು ನನಗೆ ಹೇಳಲಿಲ್ಲ, ವಾಚ್‌ಮನ್ ಹೇಳಿದ.

ನನಗೆ ಅವಳ ಮೇಲೆ ಸಿಟ್ಟು ಬಂತು, ನನ್ನ ಮೇಲೆ ಬಂತು, ನೀರು ಹೊತ್ತು ಮೇಲೆ ಹತ್ತಿದ ಅಷ್ಟೂ ಜನರ ಮೇಲೆ ಬಂತು. ಒಬ್ಬರಾದರೂ ಒಂದು ಮಾತು ಕೇಳಿದ್ದರೆ, ನಾನಾದರೂ ಒಂದು ಮಾತು ಹೇಳಿದ್ದರೆ. ಕೆಲಸದವರು ನಮ್ಮ ಮಾತು ಮುಗಿಯಲೆಂದು ಸ್ಪ್ಯಾನರು ಹಿಡಿದು ಸ್ವಲ್ಪ ದೂರದಲ್ಲಿ ಬೀಡಿ ಹಚ್ಚಿ ನಿಂತಿದ್ದರು. ಅವಸರ ಮಾಡಲಿಲ್ಲ.

ವಾರಿಜಾ ಮೂಗು ಒರೆಸಿಕೊಂಡು ಕಾಯಿ ಕೀಳಲು ಬಾಗಿದಳು. ಕೈಗೆ ಸಿಕ್ಕಿದ್ದನ್ನೆಲ್ಲ, ದೊಡ್ಡದು ಚಿಕ್ಕದು ನೋಡದೆ, ಚೀಲಕ್ಕೆ ತುಂಬತೊಡಗಿದಳು.  ನೋಯಿಸುವುದು ಬೇಡ, ಕಿತ್ತುಕೊಳ್ಳಲಿ ಎಂದು ಬಿಡುವುದೇ ನನ್ನ ಸ್ವಭಾವ.

"ಅದು ಬ್ಯಾಡ ವಾರಿಜಾ," ಎಂದೆ.

"ಯಾವುದು?"

"ಕೈಯಾಗ ಹಿಡದೀಯಲ್ಲ, ಕಡುಹಸಿರು. ಅದು ಎಳೇದು, ಡಬ್ಬದಾಗ ಇಟ್ರೂ ಹಣ್ಣಾಗಂಗಿಲ್ಲ. ಅದನ್ನ ಚಟ್ನಿಗಿ ಬ್ಯಾರೆ ಇಡು. ತಳದಾಗ ಬಿಳಿ ನಕ್ಷತ್ರ ಮೂಡಿರ್ತದ ನೋಡು, ಅಂಥವು ಹಣ್ಣಾಗ್ತಾವ. ಅವನ್ನ ಪೇಪರಿನಾಗ ಸುತ್ತಿಡಬೇಕು, ಒಂದಕ್ಕೊಂದು ತಾಗದಂಗ."

ಅವಳು ಕೈಯಲ್ಲಿದ್ದುದನ್ನು ತಿರುಗಿಸಿ ತಳ ನೋಡಿದಳು. ಇನ್ನೊಂದನ್ನು ನೋಡಿದಳು.

"ಇದನ್ನೆಲ್ಲ ಮೊದಲೇ ಹೇಳ್ಲಿಕ್ಕೆ ನಿಮಗೆ ಎಂತ ಆಗಿತ್ತು?" ಎಂದಳು, ಸಿಟ್ಟು ಇನ್ನೂ ಇಳಿಯದ ದನಿಯಲ್ಲಿ. ಚೀಲವನ್ನು ನೆಲಕ್ಕೆ ಸುರಿದು, ಕೂತು, ಒಂದೊಂದನ್ನೇ ತಿರುಗಿಸಿ ಬೇರೆ ಮಾಡತೊಡಗಿದಳು. "ಇದು?"

"ಚಟ್ನಿಗಿ."

"ಇದು?"

"ಅದೂ ಚಟ್ನಿಗಿ."